ಡ್ಯಾಶ್‌ಬೋರ್ಡಿನಲ್ಲಿ ಬೆಳಗಿದ ಪವಿತ್ರ ಹೃದಯ

ಆ ದಿನಗಳಲ್ಲಿ ಮಣ್ಣಗುಡ್ಡದ ನಮ್ಮ ಓಣಿಯಲ್ಲಿ ಕಾರುಗಳಿದ್ದವು; ಓಡುವುದು ಮಾತ್ರ ಅಪರೂಪವಾಗಿತ್ತು. ಯಜಮಾನರು ಗಲ್ಫಿನಿಂದ ರಜೆಗೆ ಬಂದಾಗ ಹೊದಿಕೆ ಏಳುತ್ತಿತ್ತು, ಅವರು ವಿಮಾನ ಹತ್ತಿದ ಮೇಲೆ ಮತ್ತೆ ಬೀಳುತ್ತಿತ್ತು. ನಮ್ಮ ಅಪ್ಪನೂ ಗಲ್ಫಿನಲ್ಲಿದ್ದರು; ನಮ್ಮ ಬಿಳಿ ಕಾರಿನ ಬದುಕೂ ಅಷ್ಟೇ. ಒದ್ದೆ ಟಾರ್ಪಾಲಿನ ವಾಸನೆ, ಅದರಡಿ ಮರಿ ಹಾಕಿದ ಬೆಕ್ಕು, ಕಣ್ಣಾಮುಚ್ಚಾಲೆಯಲ್ಲಿ ಅಡಗಲು ಅದರ ಹಿಂದೆ ನುಸುಳುತ್ತಿದ್ದ ನಾವು. ಕೀಲಿಕೈ ಮನೆಯ ದೇವರ ಪೀಠದ, ಅಂದರೆ ಆಲ್ತಾರಿನ, ಪಟದ ಕೆಳಗಿನ ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ತೆಗೆಯುವ ಅಧಿಕಾರ ಅಪ್ಪನ ತಮ್ಮನಿಗೆ, ನಾವು ಬಾಪ್ಪು ಎಂದು ಕರೆಯುತ್ತಿದ್ದ ಲಾರೆನ್ಸ್ ಚಿಕ್ಕಪ್ಪನಿಗೆ, ಮಾತ್ರ ಇತ್ತು. ಗಂಡಸು ಎಂಬುದರ ಹೊರತು ಆ ಅಧಿಕಾರಕ್ಕೆ ಬೇರೆ ಆಧಾರವಿರಲಿಲ್ಲ ಎಂದು ಈಗ ಬರೆಯಬಲ್ಲೆ. ಆಗ ಅದು ಗೋಡೆಯ ಮೊಳೆಯಷ್ಟೇ ಸಹಜವಾಗಿ ಕಾಣುತ್ತಿತ್ತು.

ಭಾನುವಾರ ಇಗರ್ಜಿಯಿಂದ ಬಂದು, ಅಜ್ಜಿ ಬೇಯಿಸಿದ ಇಡ್ಲಿಯಂಥ ಸನ್ನಾವನ್ನು ಕೋಳಿಸಾರಿನಲ್ಲಿ ಅದ್ದಿ ತಿಂದು, ಬಾಪ್ಪು ಕಾರನ್ನು ನಿಂತಲ್ಲೇ ಸ್ಟಾರ್ಟ್ ಮಾಡುತ್ತಿದ್ದ. ಟೇಪು ಹಾಡುತ್ತಿತ್ತು, ಹೆಡ್‌ಲೈಟು ಹಗಲಿನಲ್ಲೇ ಉರಿಯುತ್ತಿತ್ತು, ಹಾರ್ನು ಓಣಿಯನ್ನೆಲ್ಲ ಎಬ್ಬಿಸುತ್ತಿತ್ತು. "ಬ್ಯಾಟರಿಗೆ ಊಟ ಹಾಕುವುದು" ಎಂದು ಅವನು ಇದನ್ನು ಕರೆಯುತ್ತಿದ್ದ. ಹಾಡು ಮುಗಿಯುವ ಮೊದಲೇ ಎಂಜಿನ್ ಆಫ್. ಮುಂದಿನ ಭಾನುವಾರ ಕೀಲಿ ತಿರುಗಿಸಿದರೆ ಬರೀ ಟಕ್ ಎಂಬ ಸದ್ದು.

ಆಗ ಎದುರುಮನೆಯ ಸದಾಶಿವಣ್ಣ ಲುಂಗಿ ಎತ್ತಿಕಟ್ಟಿ ಇಳಿದು ಬರುತ್ತಿದ್ದರು. ನಮ್ಮದು ಕೊಂಕಣಿ, ಅವರದು ತುಳು. ಆದರೆ ಕಾರು ಕೆಟ್ಟಾಗ ಓಣಿಯೆಲ್ಲ ಸೇರಿ ಆಡುತ್ತಿದ್ದದ್ದು ಕನ್ನಡ.

"ಎಂತ ಮಾರಾಯ ಲಾರೆನ್ಸ್, ಇವತ್ತೂ ಉಪವಾಸವಾ ನಿನ್ನ ಗಾಡಿಗೆ?"

"ಬ್ಯಾಟರಿ ಹೋಯ್ತು ಸದಾಶಿವಣ್ಣ."

"ಮೊನ್ನೆ ಹೊಸತು ಹಾಕಿದ್ದಲ್ವಾ? ನಿನ್ನ ಬ್ಯಾಟರಿಗಿಂತ ನನ್ನ ಸೊಂಟ ಹೆಚ್ಚು ಬಾಳಿಕೆ ಬರ್ತದೆ. ಹೂಂ, ದೂಡಿ!"

ಓಣಿಯ ಇಳಿಜಾರಿನಲ್ಲಿ ಎಲ್ಲರೂ ದೂಡುತ್ತಿದ್ದರು. ಕಾರು ಕೆಮ್ಮಿ ಹೊಗೆಯುಗುಳಿ ಎದ್ದಾಗ ನಮಗೆಲ್ಲ ಹಬ್ಬ.

ನಾನು ಹೇಳಹೊರಟಿರುವುದು ಒಂದು ಮೊಂತಿ ಹಬ್ಬದ, ಅಂದರೆ ಕನ್ಯಾಮಾತೆಯ ಹುಟ್ಟುಹಬ್ಬದ, ಆಸುಪಾಸಿನ ದಿನಗಳನ್ನು. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನಾವು ಹುಡುಗಿಯರು ಬುಟ್ಟಿಯಲ್ಲಿ ಹೂ ಹಿಡಿದು ದಿನವೂ ಇಗರ್ಜಿಗೆ ಹೋಗುತ್ತಿದ್ದೆವು. ಬಾಡಿದ ಗೊಂಡೆಹೂವಿನ ವಾಸನೆ ಅಂಗೈಗೆ ಅಂಟಿಕೊಂಡಿರುತ್ತಿತ್ತು. ಅಮ್ಮ ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್. ಬೆಳಗಿನ ಪಾಳಿಗೆ ಮೊದಲ ಬಸ್ಸು ಹಿಡಿಯಬೇಕು. ಆ ಬಸ್ಸಿನ ನೂಕುನುಗ್ಗಲಿಗೆಂದು ಅವಳು ಬೆರಳುಗಳ ನಡುವೆ ಒಂದು ಸೇಫ್ಟಿ ಪಿನ್ ಹಿಡಿದುಕೊಳ್ಳುತ್ತಿದ್ದಳು. ಅಲ್ಲಿ ನಡೆಯುತ್ತಿದ್ದುದಕ್ಕೆ ಮನೆಯಲ್ಲಿ ಹೆಸರಿರಲಿಲ್ಲ. "ಬಸ್ಸಲ್ಲಿ ರಶ್" ಎಂದಷ್ಟೇ ಹೇಳುತ್ತಿದ್ದರು. ಅದರ ಹೆಸರು ಲೈಂಗಿಕ ಕಿರುಕುಳ. ಹೆಸರಿಡದೆ ಹೋದದ್ದೂ ಒಂದು ಅನ್ಯಾಯವೇ.

ಆದ್ದರಿಂದ ಅಮ್ಮ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಾರು ಕಲಿತಳು. ಅಪ್ಪ ಫೋನಿನಲ್ಲಿ ಷರತ್ತು ಹಾಕಿದ್ದರು: "ನಾನು ಕ್ರಿಸ್ಮಸ್ಸಿಗೆ ಬರುವಾಗ ಲೈಸೆನ್ಸ್ ಇದ್ರೆ ಗಾಡಿ ನಿನಗೆ. ಇಲ್ಲದಿದ್ರೆ ಮಾರ್ತೇನೆ. ತುಕ್ಕು ಹಿಡಿಸ್ಲಿಕ್ಕೆ ಎಂತಕ್ಕೆ ಇಟ್ಟುಕೊಳ್ಳುವುದು?" ಪರೀಕ್ಷೆಗೆ ಗಾಡಿಯನ್ನು ತಾವೇ ಕೊಂಡೊಯ್ಯಬೇಕಿತ್ತು. ದಿನ ನಿಗದಿಯಾಯಿತು, ಹಬ್ಬ ಮುಗಿದ ಮರುವಾರ.

ಅಭ್ಯಾಸಕ್ಕೆಂದು ಬಾಪ್ಪುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮ್ಮ ಮೊದಲ ಬಾರಿ ನಮ್ಮ ಕಾರು ಓಡಿಸಿದ ಸಂಜೆ ನಾನು ಹಿಂದಿನ ಸೀಟಿನಲ್ಲಿದ್ದೆ. ಬಾನೆಟ್ಟಿನ ಒಳಗೆ ಬೆಲ್ಟು ಬೆಕ್ಕಿನ ಮರಿಯಂತೆ ಕಿರುಚುತ್ತಿತ್ತು.

"ಲಾರೆನ್ಸ್, ಈ ಕೆಂಪು ಲೈಟ್ ಯಾಕೆ ಆರುವುದಿಲ್ಲ? ಕಲಿಸುವ ಗಾಡಿಯಲ್ಲಿ ಸ್ಟಾರ್ಟ್ ಆದ ಕೂಡ್ಲೇ ಹೋಗ್ತದೆ."

"ಅದು ಬ್ಯಾಟರಿ ಉಂಟು ಅಂತ ತೋರಿಸುವುದು ಅತ್ತಿಗೆ. ಆರಿದ್ರೆ ಹೆದರ್ಬೇಕು. ನೀವು ರೋಡ್ ನೋಡಿ."

"ಮತ್ತೆ ಈ ಕಿರುಚುವುದು?"

"ಮಳೆಗಾಲ ಅಲ್ವಾ."

ಆದರೂ ಆ ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಬಾಪ್ಪುವಿಗೇ ಅನ್ನಿಸಿತು. ಹಬ್ಬದ ದಿನ ಅಜ್ಜಿ ಇಗರ್ಜಿಯ ಎದುರಿನ ಸಂತೆಯಿಂದ ಯೇಸುವಿನ ಪವಿತ್ರ ಹೃದಯದ ಪಾರದರ್ಶಕ ಸ್ಟಿಕ್ಕರ್ ಒಂದನ್ನು ತಂದಾಗ ಅವನು ಅದನ್ನು ಸರಿಯಾಗಿ ಆ ದೀಪದ ಮೇಲೆಯೇ ಅಂಟಿಸಿದ. ಎಂಜಿನ್ ಎದ್ದೊಡನೆ ಸ್ಟಿಕ್ಕರಿನ ಹೃದಯ ಕೆಂಪಗೆ ಬೆಳಗಿತು. ಅಜ್ಜಿ ಶಿಲುಬೆಯ ಗುರುತು ಮಾಡಿ, "ನೋಡಿ, ಕೃಪೆ!" ಎಂದರು. ನಾವು ಮಕ್ಕಳು ಓಣಿಯ ಗೆಳೆಯರನ್ನೆಲ್ಲ ಕರೆದು ತೋರಿಸಿದೆವು. ಅಮ್ಮ ಮಾತ್ರ ಬಾಗಿ ಅದನ್ನೇ ನೋಡಿದಳು. ದೀಪವನ್ನು ಪ್ರಶ್ನಿಸಬಹುದಿತ್ತು, ದೇವರ ಹೃದಯವನ್ನು ಪ್ರಶ್ನಿಸುವ ಸೊಸೆಗೆ ಆ ಮನೆಯಲ್ಲಿ ಜಾಗವಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಓಣಿಯೆಲ್ಲ ಕೂಡಿ ದೂಡಿತು. "ಪಾಸಾಗಿ ಬನ್ನಿ ಬಾಯಮ್ಮ, ಸಿಹಿ ಬೇಕು ನಮಗೆ!" ಎಂದು ಸದಾಶಿವಣ್ಣ ಕಿರುಚಿದರು. ಅಮ್ಮನ ಪಕ್ಕದಲ್ಲಿ ಬಾಪ್ಪು, ಹಿಂದೆ ನಾನು; ದಾರಿಯುದ್ದಕ್ಕೂ ಹೃದಯ ಬೆಳಗುತ್ತಲೇ ಇತ್ತು. ಮಳೆ ಹನಿಯುತ್ತಿತ್ತು, ವೈಪರು ಹೊರಳಲಾರದೆ ಹೊರಳುತ್ತಿತ್ತು. ಅಮ್ಮ ಒಮ್ಮೆಯೂ ತಡವರಿಸಲಿಲ್ಲ. ಪರೀಕ್ಷೆಯ ಮೈದಾನದಲ್ಲಿ ಎಂಟರ ಆಕಾರ ಬಿಡಿಸಿದಳು, ಹಿಂದಕ್ಕೆ ತೆಗೆದಳು. ಅಧಿಕಾರಿ ತಲೆಯಾಡಿಸಿ, "ಆಫ್ ಮಾಡಿ. ಪುನಃ ಸ್ಟಾರ್ಟ್ ಮಾಡಿ ಏರಿಗೆ ಹತ್ತಿಸಿ" ಎಂದರು.

ಅಮ್ಮ ಬಾಪ್ಪುವಿನ ಮುಖ ನೋಡಿದಳು. ಕೀಲಿ ತಿರುಗಿಸಿದಳು. ಟಕ್.

ಇನ್ನೊಮ್ಮೆ. ಟಕ್.

"ಗಾಡಿ ಎಬ್ಬಿಸ್ಲಿಕ್ಕೇ ಬರುವುದಿಲ್ಲ, ಮತ್ತೆ ಓಡಿಸುವುದೆಂತದು?" ಎಂದು ಅಧಿಕಾರಿ ಬಾಪ್ಪುವಿನ ಕಡೆ ತಿರುಗಿ ಹೇಳಿದರು. ಸಾಲಿನಲ್ಲಿದ್ದವರು ನಕ್ಕರು. "ಸಿಸ್ಟರ್, ಇಂಜೆಕ್ಷನ್ ಕೊಟ್ಟು ನೋಡಿ!" ಎಂದು ಅಮ್ಮನ ನರ್ಸ್ ಉಡುಪು ನೋಡಿ ಒಬ್ಬ ಕೂಗಿದ. ಅವಳು ಕಾರು ಓಡಿಸಿದ್ದನ್ನು ಅಲ್ಲಿದ್ದ ಪ್ರತಿಯೊಬ್ಬನೂ ಕಣ್ಣಾರೆ ಕಂಡಿದ್ದ. ಫೇಲ್ ಆದದ್ದು ಕಾರು. ಫೇಲ್ ಎಂದು ಬರೆದದ್ದು ಅಮ್ಮನ ಹೆಸರಿನ ಮುಂದೆ.

ದೂಡಿಸಿಕೊಂಡು ಕಂಕನಾಡಿಯ ಗ್ಯಾರೇಜಿಗೆ ಬಂದೆವು. ಮೆಕ್ಯಾನಿಕ್ ಬಾನೆಟ್ ಎತ್ತಿ ಬೆಲ್ಟನ್ನು ಬೆರಳಿನಿಂದ ಒತ್ತಿದ. ಅದು ಬಟ್ಟೆ ಒಣಗಿಸಲು ಕಟ್ಟಿದ ಹಗ್ಗದಂತೆ ಜೋತುಬಿತ್ತು.

"ಬೆಲ್ಟ್ ಲೂಸ್. ಡೈನಮೋ ಸರಿಯಾಗಿ ತಿರುಗದೆ ಬ್ಯಾಟರಿ ಚಾರ್ಜೇ ಆಗ್ತಾ ಇಲ್ಲ. ನೀವು ಎಷ್ಟು ಬ್ಯಾಟರಿ ಹಾಕಿದ್ರೂ ಇದೇ ಕತೆ."

"ಹಾಗಾದ್ರೆ ಬ್ಯಾಟರಿ ಹಾಳಾಗಿರಲಿಲ್ವಾ?" ಅಮ್ಮ ಕೇಳಿದಳು.

ಅವನು ಬಾಪ್ಪುವಿಗೆ ಉತ್ತರಿಸಿದ: "ಇಲ್ಲ ಸಾರ್. ಡ್ಯಾಶ್‌ಬೋರ್ಡಲ್ಲಿ ಕೆಂಪು ಲೈಟ್ ಬರ್ತಾ ಇರ್ಲಿಲ್ವಾ?"

"ಅಂಥದ್ದೆಂತ ಇಲ್ಲ" ಎಂದ ಬಾಪ್ಪು.

ಅಮ್ಮ ಒಳಗೆ ಬಾಗಿ, ಉಗುರಿನಿಂದ ಸ್ಟಿಕ್ಕರನ್ನು ನಿಧಾನವಾಗಿ, ಹರಿಯದಂತೆ ಬಿಡಿಸಿದಳು. ಕೀಲಿಯನ್ನು ಅರ್ಧ ತಿರುಗಿಸಿ ಪಕ್ಕಕ್ಕೆ ಸರಿದಳು, ಎಲ್ಲರೂ ನೋಡಲೆಂದು. ದೀಪ ಮಂಕಾಗಿ ಉರಿಯುತ್ತಿತ್ತು.

ಬೆಲ್ಟು ಬಿಗಿಯಾಯಿತು, ಬ್ಯಾಟರಿ ಚಾರ್ಜಾಯಿತು. ಆಮೇಲೆ ಕಾರು ಒಂದೇ ತಿರುವಿಗೆ ಏಳುತ್ತಿತ್ತು. ಇನ್ನೊಮ್ಮೆ ಪರೀಕ್ಷೆಗೆ ಹೋಗುತ್ತೇನೆ ಎಂದು ಅಮ್ಮ ಆಲ್ತಾರಿನ ಮೊಳೆಗೆ ಕೈಯೆತ್ತಿದಾಗ ಬಾಪ್ಪು ತಡೆದ. "ಸಾಕು ಅತ್ತಿಗೆ. ಒಮ್ಮೆ ಮರ್ಯಾದೆ ಹೋದದ್ದು ಸಾಕು." ಅಜ್ಜಿ ಜಪಮಾಲೆ ನಿಲ್ಲಿಸಿ ತಲೆಯಾಡಿಸಿದರು. ಯಾರ ಮರ್ಯಾದೆ ಎಂದು ಯಾರೂ ಕೇಳಲಿಲ್ಲ. ಕ್ರಿಸ್ಮಸ್ಸಿಗೆ ಅಪ್ಪ ಬಂದರು, ಮಾತಿನಂತೆ ಮಾರಿದರು. ಹಬ್ಬದ ತಿಂಡಿ ಕುಸ್ವಾರಿನ ಡಬ್ಬಗಳು ಮೇಜಿನ ಮೇಲಿದ್ದವು. ಅಂಗಳದಲ್ಲಿ ಕೊಂಡವರು ಕೀಲಿ ತಿರುಗಿಸಿದರು, ಕಾರು ಮೊದಲ ಸಲಕ್ಕೇ ಎದ್ದಿತು. "ಒಳ್ಳೆ ಕಂಡೀಷನ್ ಉಂಟು!" ಎಂದು ಅವರು ಹೊಗಳಿದರು. ಹೊಸ ವರ್ಷ ಕಳೆದು ಅಮ್ಮ ಮತ್ತೆ ಪಿನ್ ಹಿಡಿದು ಬಸ್ಸು ಹತ್ತಿದಳು, ನಿವೃತ್ತಿಯವರೆಗೂ.

ಈಗ ಕಾರು ಓಡಿಸುವವಳು ನಾನು. ಕಳೆದ ಮಳೆಗಾಲ ಅದೇ ಓಣಿಯ ಇಳಿಜಾರಿನಲ್ಲಿ ನನ್ನ ಬ್ಯಾಟರಿ ಸತ್ತಿತು. ಸದಾಶಿವಣ್ಣನ ಮನೆಯಿದ್ದಲ್ಲಿ ಎದ್ದಿರುವ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಯಾರೋ ನೋಡಿದರು, ಒಳಗೆ ಹೋದರು. ಹಿಂದಿನ ಕಾರುಗಳು ಹಾರ್ನು ಬಾರಿಸಿದವು. ಲುಂಗಿ ಎತ್ತಿಕಟ್ಟಿ ಇಳಿದುಬರುತ್ತಿದ್ದ ಆ ಓಣಿಯನ್ನು ಕಳೆದುಕೊಂಡಿದ್ದೇವೆ, ಅದರ ದುಃಖ ನನಗೆ ನಿಜವಾಗಿಯೂ ಇದೆ. ಆದರೆ ನಷ್ಟವನ್ನು ಅಳೆಯುವುದಾದರೆ ಪೂರ್ತಿ ಅಳೆಯಬೇಕು: ಕಾರನ್ನು ದೂಡಲು ಅಷ್ಟು ಕೈಗಳಿದ್ದ ಓಣಿಯಲ್ಲಿ ಅಮ್ಮನನ್ನು ಮತ್ತೊಮ್ಮೆ ಮೈದಾನಕ್ಕೆ ಕಳಿಸಲು ಒಂದು ಕೈಯೂ ಮುಂದೆ ಬರಲಿಲ್ಲ.

ಅಮ್ಮ ಈಗ ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ನಾನು ಸ್ಟಾರ್ಟ್ ಮಾಡಿದೊಡನೆ ಗೇರಿನ ಮೇಲಿನ ನನ್ನ ಕೈಯನ್ನು ಒತ್ತಿ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಡ್ಯಾಶ್‌ಬೋರ್ಡಿನ ಕಡೆ ಬಾಗುತ್ತಾಳೆ. ಕೆಂಪು ದೀಪ ಆರುವವರೆಗೆ ಕೈ ಬಿಡುವುದಿಲ್ಲ.

"ಹಾಂ, ಹೋಯ್ತು" ಎನ್ನುತ್ತಾಳೆ. "ಈಗ ಬಿಡು."