ಕಲ್ಯಾಣಿ ಬಿಚ್ಚಿದ ಕೆಂಪು ದಾರ

ರಾಯಚೂರಿನ ತೀನ್ ಕಂದೀಲ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ ಕನಕರಾಯನ ಬಂದೂಕು ರಿಪೇರಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಹಸಿರು ಪರದೆ. ಪರದೆಯ ಈಚೆ ಅವನ ಹೆಂಡತಿ ಕಲ್ಯಾಣಿಯ ಹೊಲಿಗೆ ಮಷೀನು. ಓಣಿಯವರ ಕುಪ್ಪಸಗಳ ಜೊತೆಗೆ ಗಂಡನ ಗಿರಾಕಿಗಳ ಬಂದೂಕಿಗೆ ಕ್ಯಾನ್ವಾಸಿನ ಗವಸುಗಳನ್ನೂ ಅವಳು ಹೊಲಿಯುತ್ತಿದ್ದಳು. ಮಾನ್ವಿಯಿಂದ ಮದುವೆಯಾಗಿ ಬಂದಾಗ ಬಂದೂಕೆಂದರೆ ಬೆಚ್ಚುತ್ತಿದ್ದವಳಿಗೆ ಈಗ ಅರದ ಸದ್ದು ಕೇಳಿಸದಿದ್ದರೆ ಮಧ್ಯಾಹ್ನದ ನಿದ್ದೆ ಬರುತ್ತಿರಲಿಲ್ಲ. ಆದರೂ ಬಂದೂಕನ್ನು ಮಾತ್ರ ಅವಳು ಮುಟ್ಟುವಂತಿರಲಿಲ್ಲ. ಲೈಸೆನ್ಸ್ ಕನಕರಾಯನ ಹೆಸರಿನಲ್ಲಿತ್ತು, ಆ ವಿಷಯದಲ್ಲಿ ಅವನು ಬಲು ಕಟ್ಟುನಿಟ್ಟು.

ಮಾತು ಕಡಿಮೆಯ ಮನುಷ್ಯ ಕನಕರಾಯ. ಊಟಕ್ಕೆ ಕೂತರೆ ಸಾರಿಗೆ ಉಪ್ಪು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಅದನ್ನೂ ಹೇಳುತ್ತಿರಲಿಲ್ಲ. ಅವನ ಸ್ವಭಾವವೇ ಇಷ್ಟು ಎಂದು ಕಲ್ಯಾಣಿ ಒಪ್ಪಿಕೊಂಡು ಬಹಳ ವರ್ಷಗಳಾಗಿದ್ದವು. ಗೂಗಲ್ ಎಂಬ ಹಳ್ಳಿಯ ಬಂಡೆಮ್ಮ ಬರುವ ತನಕ ಅವಳಿಗೆ ಅದೊಂದು ಕೊರತೆ ಎಂದೇ ಅನಿಸಿರಲಿಲ್ಲ.

ಬಂಡೆಮ್ಮ ದೇವದುರ್ಗ ತಾಲ್ಲೂಕಿನ ಗೂಗಲ್ಲಿನಲ್ಲಿ ಹೊಳೆದಂಡೆಗೆ ಹೊಲವಿದ್ದ ವಿಧವೆ. ಗಂಡ ತೀರಿಕೊಂಡ ಮೇಲೆ ಅವನ ಬೇಟೆಯ ರೈಫಲ್ಲು, ಬೆಳೆ ಕಾಯುವ ಲೈಸೆನ್ಸ್ ಸಮೇತ, ಅವಳ ಹೆಸರಿಗೆ ಬಂದಿತ್ತು. ಕೃಷ್ಣೆಯ ದಂಡೆಯ ಜಾಲಿಗಿಡಗಳಿಂದ ಹಂದಿಗಳು ಹಿಂಡುಹಿಂಡಾಗಿ ಎದ್ದು ಬಂದು ಶೇಂಗಾ ಬಗೆದು ಹಾಕುತ್ತಿದ್ದವು. ಎದೆ ಸೆಟೆಸಿ ನಡೆಯುವ, ತಲೆ ಮೇಲಿನ ಸೆರಗು ಜಾರಿದರೂ ಗಡಿಬಿಡಿ ಮಾಡಿಕೊಳ್ಳದ ಹೆಂಗಸು. ಮೊದಲ ಸಲ ಬಂದಾಗ ರೈಫಲನ್ನು ಮೇಜಿನ ಮೇಲಿಟ್ಟು, “ಮೇಸ್ತ್ರಿ, ಇದರ ಕುದುರಿ ಭಾಳ ಬಿಗಿ ಅದರಿ. ಎಳದೆಳದು ಬೆರಳು ಸೋಲ್ತದ. ನಾ ಎಳಿಯೋದ್ರಾಗ ಹಂದಿ ಹೊಳಿ ದಾಟಿರ್ತದ,” ಎಂದಳು.

ಪರದೆಯ ಈಚೆ ಕಲ್ಯಾಣಿಗೆ ಮೊದಲು ಕಿವಿಗೆ ಬಿದ್ದದ್ದೇ ಆ ‘ಮೇಸ್ತ್ರಿ’. ಬರುವ ಹೆಂಗಸರೆಲ್ಲ ಕನಕಣ್ಣ ಅನ್ನುತ್ತಿದ್ದರು. ಇವಳಿಗೇನು ಅಣ್ಣ ಅನ್ನಲು ನಾಲಿಗೆ ಹೊರಳುವುದಿಲ್ಲವೇ?

ಕನಕರಾಯ ರೈಫಲ್ ಖಾಲಿ ಇದೆಯೆಂದು ಎರಡೆರಡು ಸಲ ನೋಡಿ, ಕುದುರೆಯನ್ನು, ಅಂದರೆ ಟ್ರಿಗರನ್ನು, ತಾನೇ ಎಳೆದು ನೋಡಿದ. “ಒಳಗ ಕೊಂಡಿ ಕಚ್ಚೋ ಜಾಗ ಒರಟದ. ಸ್ಪ್ರಿಂಗೂ ಗಡಸು,” ಎಂದ. ಆಮೇಲೆ, “ನಿಮ್ಮ ಬೆರಳು ತೋರಸ್ರಿ,” ಎಂದ.

ಕಲ್ಯಾಣಿಯ ಕಾಲು ಹೊಲಿಗೆ ಮಷೀನಿನ ಪೆಡಲಿನ ಮೇಲೆ ನಿಂತೇಬಿಟ್ಟಿತು. ಪರದೆಯ ಸಂದಿಯಿಂದ ನೋಡಿದಳು. ಬಂಡೆಮ್ಮ ಬಲಗೈ ಚಾಚಿದ್ದಳು. ಕುಡುಗೋಲು ತಾಗಿದ ಹಳೆಯ ಗಾಯದಿಂದ ಅವಳ ತೋರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಕನಕರಾಯ ಅದನ್ನು ಮುಟ್ಟಲಿಲ್ಲ. ಆದರೆ ಮುಟ್ಟಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ, ಅಷ್ಟು ಹತ್ತಿರ ಬಾಗಿ ನೋಡುತ್ತಿದ್ದ.

“ಎಲ್ಲಿ ನೋಯ್ತದರಿ?”

“ಈ ಗೆಣ್ಣಿನ್ಯಾಗ.”

“ಚಳಿಗಾಲದಾಗ ಜಾಸ್ತಿ?”

“ಹೌದ್ರಿ ಮೇಸ್ತ್ರಿ. ನಿಮಗ ಹೆಂಗ ಗೊತ್ತಾತು?” ಬಂಡೆಮ್ಮ ನಕ್ಕಳು. ಅವಳ ಜೊತೆ ಅವನೂ ನಕ್ಕ.

ಕಲ್ಯಾಣಿಗೆ ಕೆಮ್ಮು ಹತ್ತಿ ಎರಡು ತಿಂಗಳು ಮನೆಯೆಲ್ಲ ಕೇಳುವಂತೆ ಕೆಮ್ಮಿದಾಗ, ಎಲ್ಲಿ ನೋಯುತ್ತದೆ ಎಂದು ಅವನು ಕೇಳಿರಲಿಲ್ಲ. ಅಡುಗೆಮನೆಯ ಬಾಗಿಲ ಚಿಲಕ ಸರಿಮಾಡಿ ಎಂದು ಅವಳು ಹೇಳಿ ಹೇಳಿ ಸುಸ್ತಾಗಿದ್ದಳು. ಲೋಕದ ಬಿಗಿಯನ್ನೆಲ್ಲ ಸಡಿಲಿಸುವವನಿಗೆ ತನ್ನ ಮನೆಯ ಚಿಲಕ ಕಾಣಿಸಿರಲಿಲ್ಲ. ಅವತ್ತು ರಾತ್ರಿ ರೊಟ್ಟಿ ತಟ್ಟಿದ ಸದ್ದಿಗೆ ಪಕ್ಕದ ಮನೆಯ ಹೀರಾಬಿ, “ಏನವ್ವಾ, ರೊಟ್ಟಿ ಮ್ಯಾಲ ಯಾರ ಸಿಟ್ಟ ತೀರಿಸ್ಕೊಳ್ಳಾಕತ್ತಿ?” ಎಂದು ಗೋಡೆಯಾಚೆಯಿಂದ ಕೇಳಿದಳು.

ಕನಕರಾಯ ಆ ರೈಫಲ್ಲನ್ನು ಬಿಡಲೇ ಇಲ್ಲ. ಬೇರೆಯವರ ಬಂದೂಕುಗಳು ಮೂಲೆ ಸೇರಿದವು. ಅವನು ಕುದುರೆಯ ಭಾಗಗಳನ್ನು ಬಿಚ್ಚಿ, ನುಣುಪು ಕಲ್ಲಿನ ಮೇಲೆ ತಿಕ್ಕುತ್ತಿದ್ದ, ಮತ್ತೆ ಜೋಡಿಸಿ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದು ನೋಡುತ್ತಿದ್ದ, ತಲೆಯಲ್ಲಾಡಿಸಿ ಮತ್ತೆ ಬಿಚ್ಚುತ್ತಿದ್ದ. ಬಂಡೆಮ್ಮ ಸಂತೆಗೆ, ತಹಶೀಲಿಗೆ, ಯಾವುದಕ್ಕೆ ರಾಯಚೂರಿಗೆ ಬಂದರೂ ಅಂಗಡಿಯಲ್ಲಿ ಕೂತು ಹೋಗುತ್ತಿದ್ದಳು. ಖಾಲಿ ಬಂದೂಕನ್ನು ಗೋಡೆಗೆ ಗುರಿಯಿಟ್ಟು ಕುದುರೆ ಎಳೆದು, “ಇನ್ನಷ್ಟು ಹಗುರ ಬೇಕ್ರಿ,” ಎನ್ನುತ್ತಿದ್ದಳು. ಇಬ್ಬರೂ ಹಂದಿಯ ಹೆಜ್ಜೆ, ಗಾಳಿಯ ದಿಕ್ಕು, ಹೊಳೆಯ ನೀರು ಅಂತ ಮಾತಿಗೆ ಬಿದ್ದರೆ ಚಹಾ ಆರಿಹೋಗುತ್ತಿತ್ತು. ಅಷ್ಟು ಮಾತು ತನ್ನ ಗಂಡನ ಹೊಟ್ಟೆಯಲ್ಲಿದೆ ಎಂಬುದು ಕಲ್ಯಾಣಿಗೆ ಹೊಸ ಸಂಗತಿ.

“ಬಂಡೆಮ್ಮೋರ ರೈಫಲ್ಲಿಗೆ ಒಂದ ಗವಸು ಹೊಲಿ. ಚಲೋ ಬಟ್ಟಿ ಹಾಕು,” ಎಂದ ಒಂದು ದಿನ.

“ಯಾಕ, ಉಳಿದವ್ರಿಗೆಲ್ಲಾ ಹರಕ ಬಟ್ಟಿ ಹಾಕೀನೇನು?”

ಅವನು ಕಲ್ಲಿನ ಕಡೆ ತಿರುಗಿದ. ಕಲ್ಯಾಣಿ ಗವಸು ಹೊಲಿದಳು, ಹೊಲಿಗೆ ಅಂಕುಡೊಂಕಾಗಿ. ಬಂಡೆಮ್ಮ ಅದನ್ನು ಎತ್ತಿ ನೋಡಿ, “ಭಾಳ ಗಟ್ಟಿ ಅದ ತಂಗಿ,” ಎಂದಾಗ ಕಲ್ಯಾಣಿಗೆ ಇನ್ನಷ್ಟು ಸಿಟ್ಟು ಬಂತು. ಬೈದಿದ್ದರೆ ಒಂದು ಜಗಳಕ್ಕಾದರೂ ದಾರಿಯಿರುತ್ತಿತ್ತು.

ತಿಕ್ಕಿ ತಿಕ್ಕಿ ಕೊನೆಗೆ ಹಳೆಯ ಕೊಂಡಿ ತೀರಾ ಸವೆದಿತ್ತು. ಅದು ಕೆಲಸಕ್ಕೆ ಬರುವುದಿಲ್ಲ, ಹೊಸದು ತರಬೇಕೆಂದು ಕನಕರಾಯ ಹೈದರಾಬಾದಿಗೆ ಹೊರಟ. ಹೋಗುವ ಮುನ್ನ ರೈಫಲ್ಲನ್ನು ಜೋಡಿಸಿ, ಕುದುರೆಗೆ ಕೆಂಪು ದಾರ ಸುತ್ತಿ, ಕಪಾಟಿನಲ್ಲಿಟ್ಟು ಬೀಗ ಹಾಕಿದ. ಕೆಂಪು ದಾರ ಕಂಡರೆ ಕೆಲಸ ಮುಗಿದಿಲ್ಲವೆಂದು ಅರ್ಥ. ಅದು ಕಲ್ಯಾಣಿಗೂ ಗೊತ್ತಿತ್ತು. ಕೀಲಿ ದೇವರ ಫೋಟೋದ ಹಿಂದಿರುತ್ತದೆ ಎಂಬುದೂ ಗೊತ್ತಿತ್ತು.

ಅವನು ಹೋದ ದಿನವೇ ಬಂಡೆಮ್ಮ ಬಂದಳು. ಹಂದಿಗಳ ಕಾಟ ವಿಪರೀತವಾಗಿದೆ, ರೈಫಲ್ ಆಯಿತೇ ಎಂದು ಕೇಳಿದಳು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಲ್ಲವೆಂದರೆ ಇವಳು ನಾಳೆಯೂ ಬರುತ್ತಾಳೆ, ನಾಡಿದ್ದೂ ಬರುತ್ತಾಳೆ. ಆ ಸ್ಟೂಲಿನ ಮೇಲೆ ಕೂರುತ್ತಾಳೆ, ಅವನು ನಗುತ್ತಾನೆ.

“ಆಗ್ಯದ ತಗೋರಿ,” ಎಂದಳು ಕಲ್ಯಾಣಿ. “ಕೊಟ್ಟು ಕಳಸು ಅಂತ ಹೇಳಿ ಹೋಗ್ಯಾರ.”

ಕಪಾಟಿನ ಮುಂದೆ ಬೆನ್ನು ತಿರುಗಿಸಿ ನಿಂತು ಕೆಂಪು ದಾರ ಬಿಚ್ಚಿದಳು. ಸ್ವಲ್ಪ ಬಿಗಿ ಉಳಿದಿರಬಹುದು, ಎಳೆದುಕೊಳ್ಳಲಿ, ಬೆರಳು ನೋಯಲಿ, ಎಂದಷ್ಟೇ ಅವಳು ಅಂದುಕೊಂಡದ್ದು. ಗವಸಿಗೆ ಹಾಕಿ ಕೊಟ್ಟಳು. ಬಂಡೆಮ್ಮ ದೇವದುರ್ಗದ ಬಸ್ಸು ಹಿಡಿದು ಹೋದಳು. ಪೀಡೆ ಕಳೆಯಿತೆಂದು ಕಲ್ಯಾಣಿ ಅಂಗಡಿ ಗುಡಿಸಿದಳು.

ಮರುದಿನ ಮಧ್ಯಾಹ್ನ ಕನಕರಾಯ ಬಂದವನೇ ಕಪಾಟು ತೆರೆದ.

“ರೈಫಲ್ ಎಲ್ಲಿ?”

“ಅವ್ರು ಬಂದಿದ್ರು. ಒಯ್ದರು.”

“ದಾರ ಇತ್ತಲ್ಲ ಅದಕ್ಕ?”

ಕಲ್ಯಾಣಿ ಬಿಚ್ಚಿದ ದಾರವನ್ನು ತಂದು ಮೇಜಿನ ಮೇಲಿಟ್ಟಳು. ಕನಕರಾಯನ ಮುಖ ಬಿಳಚಿಕೊಂಡಿತು. “ಗುಂಡ ಹಾರದಂಗ ತಡಿಯೋ ಕೊಂಡಿ ಸವದು ಹೋಗ್ಯದ. ಗುಂಡ ಹಾಕಿ ಕೆಳಗ ಕುಟ್ಟಿದ್ರ ಸಾಕು, ಕುದುರಿ ಮುಟ್ಟೋದೂ ಬ್ಯಾಡ, ಹಾರ್ತದ. ಯಾರರ ಎದರಿಗಿದ್ರ ಏನ್ ಮಾಡ್ಲಿ?”

ಬಂಡೆಮ್ಮನ ಫೋನು ಹತ್ತಲಿಲ್ಲ, ಹೊಳೆದಂಡೆಗೆ ಸಿಗ್ನಲ್ ಸಿಗುವುದು ಅಷ್ಟಕ್ಕಷ್ಟೆ. ಅವನು ಬೈಕು ತೆಗೆದ. ಕಲ್ಯಾಣಿ ಕೇಳದೆಯೇ ಹಿಂದೆ ಹತ್ತಿ ಕೂತಳು. ಕಲ್ಮಲ ದಾಟಿತು, ಗಬ್ಬೂರು ದಾಟಿತು. ಎದುರಿನ ಹತ್ತಿ ಲಾರಿಗಳಿಗೂ ಅವನು ವೇಗ ತಗ್ಗಿಸಲಿಲ್ಲ. ಬಂಡೆಮ್ಮ ಸತ್ತು ಬಿದ್ದಿರುವುದೇ ಕಲ್ಯಾಣಿಯ ಕಣ್ಣ ಮುಂದೆ ಬರುತ್ತಿತ್ತು. ಅದರ ನಡುವೆಯೂ, ನನಗೇನಾದರೂ ಆದರೆ ಈ ಮನುಷ್ಯ ಇಷ್ಟು ಜೋರಾಗಿ ಗಾಡಿ ಓಡಿಸುತ್ತಾನೆಯೇ ಎಂಬ ಯೋಚನೆ ಬಂತು. ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಬಂಡೆಮ್ಮ ಹೊಲದ ತಗಡಿನ ಶೆಡ್ಡಿನ ಮುಂದೆ ನಿಂತಿದ್ದಳು. ಹಿಂದಿನ ಸಂಜೆ ಗುಂಡು ತುಂಬಿ, ಬಂದೂಕಿನ ಹಿಡಿಯನ್ನು ನೆಲಕ್ಕೂರಿದ್ದೇ ತಡ, ಢಮ್ಮನೆ ಹಾರಿತ್ತು. ಹೊಲ ಕಾಯುವ ಮುದುಕ ಹಂಪಯ್ಯ ಪಕ್ಕದಲ್ಲೇ ಮಂಚದ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ. ಗುಂಡು ಅವನ ತಲೆಯ ಮೇಲಿನ ತಗಡನ್ನು ಸೀಳಿಕೊಂಡು ಹೋಗಿತ್ತು. ಮುದುಕನಿಗೆ ಏನೂ ಆಗಿರಲಿಲ್ಲ. ಆದರೆ ಈಗಲೂ ಕಿವಿ ಮುಚ್ಚಿಕೊಂಡು ಕೂತಿದ್ದ, ಯಾರು ಮಾತಾಡಿಸಿದರೂ ತಿರುಗುತ್ತಿರಲಿಲ್ಲ.

“ಏನ್ ಮೇಸ್ತ್ರಿ ನೀವು!” ಬಂಡೆಮ್ಮ ಹರಿಹಾಯ್ದಳು. “ನಿಮ್ಮ ನಂಬಿ ಕೊಟ್ಟರ ಸಾವು ಕೊಟ್ಟು ಕಳಸ್ತೀರಿ? ಈ ಮುದುಕಗ ಬಡದಿದ್ರ ನಾ ಯಾರಿಗೆ ಮುಖ ತೋರಸ್ಲಿ?”

ಕಲ್ಯಾಣಿ ಬಾಯಿ ತೆರೆದಳು. ಅಷ್ಟರಲ್ಲಿ ಕನಕರಾಯ, “ನಂದ ತಪ್ಪರಿ. ಕೆಲಸ ಮುಗದಿದ್ದಿಲ್ಲ. ನಾನ ಕೊಡಂತ ಹೇಳಿ ಹೋಗಿದ್ದೆ,” ಎಂದು ತಲೆ ತಗ್ಗಿಸಿದ. ಕಲ್ಯಾಣಿ ತೆರೆದ ಬಾಯಿ ಮುಚ್ಚಿಕೊಂಡಳು. ಹೊಸ ಕೊಂಡಿ ಹಾಕಿಕೊಡುತ್ತೇನೆಂದು ಅವನು ಬೇಡಿಕೊಂಡರೂ ಬಂಡೆಮ್ಮ ರೈಫಲ್ ಕೊಡಲಿಲ್ಲ. “ಇನ್ನ ನಿಮ್ಮ ಅಂಗಡಿ ಮೆಟ್ಟಲಾ ಹತ್ತಂಗಿಲ್ಲ. ಹೋಗ್ರಿ,” ಎಂದಳು.

ಯಾಕೆ ಹೀಗೆ ಮಾಡಿದೆ ಎಂದು ಅವನು ದಾರಿಯಲ್ಲೂ ಕೇಳಲಿಲ್ಲ, ಮನೆಗೆ ಬಂದ ಮೇಲೂ ಕೇಳಲಿಲ್ಲ. ಅವಳು ಬಯಸಿದ್ದು ಸಿಕ್ಕಿತ್ತು. ಬಂಡೆಮ್ಮ ಬರಲಿಲ್ಲ. ಸುದ್ದಿ ಹೊಲದಿಂದ ಹೊಲಕ್ಕೆ ಹಬ್ಬಿ ದೇವದುರ್ಗದ ಕಡೆಯ ರೈತರೂ ಬರಲಿಲ್ಲ. ಕನಕರಾಯ ಹೊಸ ಕೊಂಡಿಯನ್ನು ಕೈಯಲ್ಲಿಟ್ಟುಕೊಂಡು ತಿರುಗಿಸುತ್ತ ಕೂರುತ್ತಿದ್ದ. ಪರದೆಯ ಈಚೆ ಕೂತವಳಿಗೆ ಅವನ ನಗುವಿಗಿಂತ ಆ ಸುಮ್ಮನಿರುವಿಕೆಯೇ ಹೆಚ್ಚು ಹಿಂಸೆಯಾಯಿತು.

ತವರಿಗೆಂದು ಮಾನ್ವಿಗೆ ಹೋದಾಗ ಅಣ್ಣ ಆದೆಪ್ಪ, “ನಿನ್ನ ಗಂಡ ಕೆಡಿಸಿದ ರೈಫಲ್ ನಮ್ಮೂರ ಬಂದೂಕು ರಿಪೇರಿಯವನ ಕಡೆ ಬಂದದಂತಲ್ಲ? ಅಂವ ಅದನ್ನ ಎಲ್ಲಾರಿಗೂ ತೋರಿಸಿ ನಗಾಕತ್ತ್ಯಾನ,” ಎಂದ. ಕಲ್ಯಾಣಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದಳು. ಗಂಡ ಬೇರೆ ಹೆಂಗಸಿನೆದುರು ನಕ್ಕದ್ದನ್ನು ಸಹಿಸದವಳಿಗೆ, ಬೇರೆ ಕೆಲಸಗಾರ ತನ್ನ ಗಂಡನನ್ನು ನೋಡಿ ನಗುವುದನ್ನೂ ಸಹಿಸಲಾಗಲಿಲ್ಲ. ರಾಯಚೂರಿಗೆ ಮರಳದೆ ಮಾನ್ವಿಯಿಂದಲೇ ಬಸ್ಸು ಬದಲಿಸುತ್ತ ಗೂಗಲ್ಲಿಗೆ ಹೋದಳು.

ಬಂಡೆಮ್ಮ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಕೂರು ಎನ್ನಲಿಲ್ಲ. ಕಲ್ಯಾಣಿ ನಿಂತುಕೊಂಡೇ ಹೇಳಿದಳು: “ಅವ್ರು ಕೊಡು ಅಂದಿದ್ದಿಲ್ಲ. ದಾರ ಬಿಚ್ಚಿ ಕೊಟ್ಟಾಕಿ ನಾನು. ನೀವು ಮತ್ತ ಬರಬಾರದು ಅಂತ ಕೊಟ್ಟೆ.”

ಬಂಡೆಮ್ಮನ ಕೈ ನಿಂತಿತು. ಆಮೇಲೆ ಮುಖ ಕೆಂಪಾಯಿತು. “ನಿನ್ನ ಹೊಟ್ಟಿಕಿಚ್ಚಿಗೆ ಹಂಪಯ್ಯ ಸಾಯ್ತಿದ್ದನಲ್ಲೇ! ನಿನ್ನ ಗಂಡನ ಮ್ಯಾಲ ಕಣ್ಣ ಹಾಕಾಕ ನಾ ಹೊಲಾ ಮನಿ ಬಿಟ್ಟು ಬರ್ತಿದ್ನೇನು?”

ಕಲ್ಯಾಣಿ ಬೈಸಿಕೊಂಡಳು. ಬೈದು ಸಾಕಾದ ಮೇಲೆ ಬಂಡೆಮ್ಮ ಮೊರದಲ್ಲಿ ಕೈಯಾಡಿಸುತ್ತ ತಣ್ಣಗೆ ಹೇಳಿದಳು: “ಖರೇ ಹೇಳ್ಲೇನು? ಎರಡ ಸಲ ಬಂದ್ರ ಸಾಕಿದ್ದಲ್ಲಿ ನಾಕ ಸಲ ಬಂದೀನಿ. ನನ್ನ ಗಂಡ ಬದುಕಿರೋತನಕ ಒಮ್ಮಿ ಎಲ್ಲಿ ನೋಯ್ತದ ಅಂತ ಕೇಳಿದಾತಲ್ಲ. ನಿನ್ನ ಗಂಡ ಕೇಳಿದ. ಅಷ್ಟ. ಅದರಾಗ ಹೆಚ್ಚಿಗಿ ಏನೂ ಇದ್ದಿಲ್ಲ.”

ಆ ‘ಅಷ್ಟ’ ಕಲ್ಯಾಣಿಯ ಎದೆಗೆ ಮುಳ್ಳಿನಂತೆ ಚುಚ್ಚಿತು. ಏನೂ ಇರಲಿಲ್ಲವೆಂಬ ಮಾತಿಗೆ ಕಾದಿದ್ದವಳಿಗೆ ಇದ್ದದ್ದು ಇಷ್ಟೇ ಎಂದು ತಿಳಿದಿತ್ತು, ಮತ್ತು ಅಷ್ಟಕ್ಕೂ ಹೊಟ್ಟೆ ಉರಿಯುತ್ತಿತ್ತು. ಆದರೂ ಅವಳು ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತಳು. “ನನ್ನನ್ನೂ ಯಾರೂ ಕೇಳಿದ್ದಿಲ್ರಿ,” ಎಂದಳು. ಇಬ್ಬರೂ ಸೇರಿ ಮೊರದ ಶೇಂಗಾ ಪೂರ್ತಿ ಬಿಡಿಸಿದರು.

ವಾರ ಕಳೆಯುವುದರೊಳಗೆ ಬಂಡೆಮ್ಮ ಮಾನ್ವಿಯಿಂದ ರೈಫಲ್ ಬಿಡಿಸಿಕೊಂಡು ತೀನ್ ಕಂದೀಲಿಗೆ ಬಂದಳು. “ದಾರ ಬಿಚ್ಚಿದಾಕಿ ತಾನಂತ, ನಾ ಬರಬಾರದಂತ ಬಿಚ್ಚಿದ್ದಂತ, ನಿಮ್ಮ ಹೆಂಡ್ತಿ ಬಂದು ಹೇಳ್ಯಾಳ,” ಎಂದಷ್ಟೇ ಹೇಳಿ ಮೇಜಿನ ಮೇಲಿಟ್ಟಳು. ಕನಕರಾಯ ಹೊಸ ಕೊಂಡಿ ಕೂರಿಸಿದ, ಹದವಾದ ಸ್ಪ್ರಿಂಗ್ ಹಾಕಿದ. ಜೋಡಿಸಿದ ಮೇಲೆ ಖಾಲಿ ರೈಫಲ್ಲನ್ನು ರಬ್ಬರಿನ ಹಾಸಿನ ಮೇಲೆ ಕುಟ್ಟಿ ಕುಟ್ಟಿ ನೋಡಿದ. ಕೊಂಡಿ ಜಾರಲಿಲ್ಲ. ಆಮೇಲೆ ಬಂಡೆಮ್ಮ ಗೋಡೆಗೆ ಗುರಿಯಿಟ್ಟು ಸೊಟ್ಟ ಬೆರಳಿನಿಂದ ಕುದುರೆ ಎಳೆದಳು. ಸಣ್ಣಗೆ ಟಕ್ ಎಂದಿತು. ಅವಳ ಮುಖ ಅರಳಿತು. ಕನಕರಾಯನದೂ ಅರಳಿತು. ಪರದೆ ಸರಿಸಿ ಅಂಗಡಿಯೊಳಗೇ ಬಂದು ಕೂತಿದ್ದ ಕಲ್ಯಾಣಿ ಅದನ್ನು ನೋಡಿದಳು. ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಎದ್ದದ್ದನ್ನು ಯಾರಿಗೂ ತೋರಿಸದೆ ಚಹಾ ಬಗ್ಗಿಸಿದಳು.

ಬಂಡೆಮ್ಮ ಹೋದ ಮೇಲೆ ಅವನು ಕೈ ಒರೆಸಿಕೊಳ್ಳುತ್ತ ಕೇಳಿದ: “ಹಂಗ ಅನಸ್ತಿದ್ರ ನನಗ ಹೇಳಬಾರದಾಗಿತ್ತೇನು?”

“ಹೇಳಿದ್ರ ನೀವು ನಗ್ತಿದ್ರಿ.”

ಅವನು ಯೋಚಿಸಿದ. “ನಗ್ತಿದ್ದೆ,” ಎಂದು ಒಪ್ಪಿಕೊಂಡ.

“ಅವತ್ತು ತಪ್ಪು ನಿಮ್ಮ ಮ್ಯಾಲ ಯಾಕ ಹಾಕ್ಕೊಂಡ್ರಿ?”

“ಮತ್ತ ಯಾರ ಮ್ಯಾಲ ಹಾಕ್ಲಿ? ನೀ ನಡಗಾಕತ್ತಿದ್ದಿ.”

ತಾನು ನಡುಗುತ್ತಿದ್ದದ್ದು ಅವನಿಗೆ ಕಂಡಿತ್ತೆಂಬುದು ಕಲ್ಯಾಣಿಗೆ ಆಗಲೇ ಗೊತ್ತಾದದ್ದು.

ಬಂಡೆಮ್ಮ ಈಗಲೂ ಬರುತ್ತಾಳೆ, ಹೊಸ ಶೇಂಗಾ ಗಂಟು ಕಟ್ಟಿಕೊಂಡು ತರುತ್ತಾಳೆ. ಕಲ್ಯಾಣಿ ಅವಳಿಗೆ ಚಹಾ ಮಾಡಿಕೊಡುತ್ತಾಳೆ, ಕ್ಷೇಮ ಕೇಳುತ್ತಾಳೆ, ಹಂಪಯ್ಯನ ಕಿವಿಯ ವಿಚಾರ ಕೇಳುತ್ತಾಳೆ. ಆದರೆ ಅವಳು ಎದ್ದು ಹೋಗುವವರೆಗೆ ತಾನೂ ಅಂಗಡಿ ಬಿಟ್ಟು ಏಳುವುದಿಲ್ಲ, ಒಲೆಯ ಮೇಲೆ ಹಾಲು ಉಕ್ಕಿದರೂ ಸರಿಯೇ.