ಸೌದೆಯೋ ಗ್ಯಾಸೋ?

ಐತಾಳರು ಆ ಮಾತು ಹೇಳಿದ್ದರೋ ಇಲ್ಲವೋ, ನನಗೆ ಖಚಿತವಿಲ್ಲ. ತೊಂದರೆ ಏನೆಂದರೆ, ಕಳೆದ ತಿಂಗಳು ಅವರ ದೇಹದ ಪಕ್ಕದಲ್ಲಿ ನಿಂತು ನಾನು ‘ಹೇಳಿದ್ದರು’ ಎಂದುಬಿಟ್ಟೆ.

ಶೇಷಗಿರಿ ಐತಾಳರು ಈ ಅಂಕಣದಲ್ಲಿ ಹಿಂದೊಮ್ಮೆ ಹೆಸರಿಲ್ಲದೆ ಬಂದುಹೋಗಿದ್ದಾರೆ. ಕುಂದಾಪುರದ ಕಡೆಯವರು. ಅಹಮದಾಬಾದಿನ ಮಣಿನಗರದಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರ, ಕೆಳಗೆ ಹೋಟೆಲು, ಮೇಲೆ ಮನೆ. ವಿಮಾ ಕಚೇರಿ ನನ್ನನ್ನು ಈ ಊರಿಗೆ ವರ್ಗ ಮಾಡಿದಂದಿನಿಂದ ನನ್ನ ಬೆಳಗಿನ ಕಾಫಿ ಅಲ್ಲೇ. (ಚಹಾದ ಊರಿನಲ್ಲಿ ಕಾಫಿ ಕೊಡುವವರನ್ನು ಯಾರು ಬಿಡುತ್ತಾರೆ?)

ಮಾತು ಹುಟ್ಟಿದ್ದು ಒಂದು ಬಜೆಟ್ ಸಭೆಯಿಂದ. ಎರಡು ಚಳಿಗಾಲಗಳ ಹಿಂದೆ ನಮ್ಮ ವಾರ್ಡಿನ ಕಾರ್ಪೊರೇಟರ್ ಒಂದು ಶಾಲೆಯಲ್ಲಿ ಜನರನ್ನು ಸೇರಿಸಿದ್ದರು. ನಮ್ಮ ಬೇಡಿಕೆಗಳನ್ನು ಕೇಳಿ ಪಾಲಿಕೆಯ ಬಜೆಟ್ಟಿಗೆ ಸೇರಿಸುತ್ತಾರಂತೆ. ಪುಟ್ಟ ಮಕ್ಕಳ ಬೆಂಚುಗಳ ಮೇಲೆ, ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತೆವು. ಒಬ್ಬರಿಗೆ ಸ್ಪೀಡ್ ಬ್ರೇಕರ್ ಬೇಕಿತ್ತು. ಇನ್ನೊಬ್ಬರಿಗೆ ಇದ್ದ ಸ್ಪೀಡ್ ಬ್ರೇಕರ್ ತೆಗೆಸಬೇಕಿತ್ತು. ನಟುಭಾಯ್‌ಗೆ ಸೊಸೈಟಿಯ ಬಾಗಿಲಿಗೆ ದೊಡ್ಡ ಕಬ್ಬಿಣದ ಗೇಟು ಬೇಕಿತ್ತು. (ನಟುಭಾಯ್ ಐತಾಳರ ಪಕ್ಕದ ಅಂಗಡಿಯವರು. ಅಂಗಡಿಯಲ್ಲಿ ಮಾರುವುದು ಕಬ್ಬಿಣದ ಸಾಮಾನು.)

ಕೊನೆಗೆ ಪಾಲಿಕೆಯ ಯುವ ಎಂಜಿನಿಯರ್ ಒಬ್ಬ ಎದ್ದ. ಸ್ಮಶಾನದ ಸೌದೆಗೆ ಪ್ರತಿ ವರ್ಷ ದುಡ್ಡು ಹೋಗುತ್ತಿದೆ, ಮರ ಹೋಗುತ್ತಿದೆ, ಗ್ಯಾಸಿನ ಕುಲುಮೆ ಕಟ್ಟಿದರೆ ಎರಡೂ ಉಳಿಯುತ್ತವೆ, ಹೊಗೆಯೂ ತಗ್ಗುತ್ತದೆ ಎಂದ. ಹೊಗೆಯ ಇಂಗಾಲದಿಂದ ಭೂಮಿಯೇ ಬಿಸಿಯಾಗುತ್ತಿದೆ ಎಂದೂ ಸೇರಿಸಿದ. ಅಹಮದಾಬಾದಿನ ಮೇ ತಿಂಗಳನ್ನು ಕಂಡವರಿಗೆ ಇದೇನು ಹೊಸ ಸುದ್ದಿಯೇ? ಯಾರೂ ಪ್ರಶ್ನೆ ಕೇಳಲಿಲ್ಲ. ಗೇಟಿಗೆ ಒಬ್ಬ ನಟುಭಾಯ್ ಇದ್ದರು. ಹೊಗೆಗೆ ವಾರ್ಡೂ ಇಲ್ಲ, ವೋಟೂ ಇಲ್ಲ.

ವಿರೋಧವೂ ಬರಲಿಲ್ಲ ಅನ್ನಿ. ತಮಗೆ ಸಂಬಂಧಿಸದ ಸುಧಾರಣೆಯನ್ನು ಜನ ಬೇಗ ಒಪ್ಪುತ್ತಾರೆ. ಸಾಯುವವರು ಯಾವಾಗಲೂ ಬೇರೆಯವರು ತಾನೇ?

ಸಭೆ ಮುಗಿಸಿ ಮೂವರೂ ನಡೆದುಕೊಂಡು ಬಂದೆವು. ನಾನು, ಐತಾಳರು, ನಟುಭಾಯ್. ಸ್ವೆಟರ್ ಹಾಕಿದ್ದ ನೆನಪು. ಆಗ ಐತಾಳರು ಹೇಳಿದ್ದು ಇದು, ಅಥವಾ ಹೇಳಿದರೆಂದು ನಾನು ಬರೆದದ್ದು ಇದು: “ಇಷ್ಟು ವರ್ಷ ಇಡ್ಲಿಗೇಂತ ಕಾಡು ಸುಟ್ಟಿದ್ದೇನೆ ಮಾರಾಯ್ರೇ. ಕಡೆಗೆ ನನಗೂ ಒಂದು ಮರ ಎಂತಕ್ಕೆ? ಗ್ಯಾಸಿಗೆ ಹಾಕ್ಲಿ.”

‘ಹೋಟೆಲಿನ ಹಿರಿಯರೊಬ್ಬರು’ ಎಂದು ಈ ಅಂಕಣದಲ್ಲಿ ಅದನ್ನು ಬಳಸಿದೆ. ಓದುಗರು ಮೆಚ್ಚಿದರು. ಮೆಚ್ಚಿದ್ದೇ ಈಗ ನನ್ನ ಅನುಮಾನಕ್ಕೆ ಕಾರಣ. ಜನ ನಿಜವಾಗಿ ಆಡುವ ಮಾತು ಅಷ್ಟು ಸರಿಯಾದ ಜಾಗದಲ್ಲಿ ಮುಗಿಯುತ್ತದೆಯೇ? ಅವರು ಅರ್ಧ ಹೇಳಿರಬಹುದು. ಉಳಿದರ್ಧವನ್ನು ನಾನು ಮನೆಯಲ್ಲಿ ಕೂತು ಹೊಲಿದಿರಬಹುದು. ಅಥವಾ ಪೂರ್ತಿ ನಾನೇ ಹೇಳಿ, ಅವರು ಬರೀ ತಲೆ ಆಡಿಸಿರಬಹುದು. ವಿಶ್ವವಿದ್ಯಾಲಯದಲ್ಲಿ ನನಗೆ ಇತಿಹಾಸ ಕಲಿಸಿದರು. ಸಾಕ್ಷಿ ಒಬ್ಬನೇ ಆದರೆ ಅವನನ್ನು ನಂಬಬೇಡ ಎಂದು ಕಲಿಸಿದರು. ಆ ಒಬ್ಬ ನಾನೇ ಆದರೆ ಏನು ಮಾಡಬೇಕು ಎಂದು ಕಲಿಸಲಿಲ್ಲ.

ಕುಲುಮೆ ಬಜೆಟ್ಟಿನಲ್ಲಿ ಬಂತು, ಕಟ್ಟಿಯೂ ಆಯಿತು. ರಿಬ್ಬನ್ ಕತ್ತರಿಸಿದರು, ತೆಂಗಿನಕಾಯಿ ಒಡೆದರು. ಆಮೇಲೆ ಯಾರೂ ಅದರ ಹತ್ತಿರ ಸುಳಿಯಲಿಲ್ಲ. ವಾರಸುದಾರರಿಲ್ಲದ ಹೆಣಗಳನ್ನು ಮಾತ್ರ ಅಲ್ಲಿಗೆ ಹಾಕುತ್ತಿದ್ದರು. ನೋಡನೋಡುತ್ತ ಅದು ‘ಗತಿ ಇಲ್ಲದವರ ಒಲೆ’ ಆಯಿತು. ಯಂತ್ರಕ್ಕೆ ಬಜೆಟ್ಟಿನಲ್ಲಿ ದುಡ್ಡು ಇಡಬಹುದು. ನಾಚಿಕೆಯನ್ನು ಕಳೆಯಲು ಯಾವ ತಲೆಬರಹದ ಕೆಳಗೆ ಇಡುವುದು?

ಕಳೆದ ತಿಂಗಳು ಒಂದು ಬೆಳಿಗ್ಗೆ ಕಾಫಿಗೆ ಹೋದರೆ ಹೋಟೆಲಿನ ಶಟರ್ ಅರ್ಧ ಇಳಿದಿತ್ತು. ಐತಾಳರು ನಿದ್ದೆಯಲ್ಲೇ ಹೋಗಿದ್ದರು.

ಮೇಲಿನ ಮನೆಯಲ್ಲಿ ಜನ ತುಂಬಿದ್ದರು. ಸಾವಿನ ಮನೆಗಳಲ್ಲಿ ಯಾವಾಗಲೂ ನಟುಭಾಯ್‌ರಂಥ ಒಬ್ಬರು ಇರುತ್ತಾರೆ. ಅಳುವುದನ್ನು ನಾಳೆಗಿಟ್ಟು ಫೋನ್ ಹಿಡಿಯುವವರು. ಅವರು ಸ್ಮಶಾನದ ಕಚೇರಿಗೆ ಫೋನ್ ಹಚ್ಚಿದ್ದರು. ಫೋನಿನ ಬಾಯಿಗೆ ಅಂಗೈ ಮುಚ್ಚಿ, ಹಿಂದಿಯಲ್ಲಿ, ಆರ್ಡರ್ ತೆಗೆದುಕೊಳ್ಳುವವರಂತೆ ಮೆಲ್ಲಗೆ ಕೇಳಿದರು.

“ಲಕಡೀ ಯಾ ಗ್ಯಾಸ್?”

ಸೌದೆಯೋ ಗ್ಯಾಸೋ?

ಯಾರೋ ಸೌದೆ ಎಂದರು. ಅದು ಸಹಜ. ಆದರೆ ಸರಸ್ವತಿಯಮ್ಮ, ಐತಾಳರ ಹೆಂಡತಿ, ನನ್ನ ಕಡೆ ನೋಡಿದರು. ಅವರು ನನ್ನ ಅಂಕಣ ಓದುತ್ತಾರೆ. (ಮಣಿನಗರದಲ್ಲಿ ಓದುವವರು ಅವರೊಬ್ಬರೇ ಎಂದು ನನ್ನ ಅಂದಾಜು.) ಆ ಹಿರಿಯರು ತಮ್ಮ ಯಜಮಾನರೇ ಎಂದು ಅವರಿಗೆ ಆಗಲೇ ಗೊತ್ತಾಗಿತ್ತಂತೆ. ಹೀಗೆ ಹೇಳಿದ್ದು ಹೌದಾ ಎಂದು ಗಂಡನನ್ನು ಕೇಳಿಯೂ ಇದ್ದರಂತೆ. ಐತಾಳರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. “ಅವರಿಗೂ ಬರೀಲಿಕ್ಕೆ ಏನಾದ್ರೂ ಬೇಕಲ್ಲ” ಎಂದು ಹೇಳಿ ಕೆಳಗಿಳಿದು ಹೋದರಂತೆ.

ಮಗ ರಮೇಶ ಹುಟ್ಟಿ ಬೆಳೆದದ್ದು ಇಲ್ಲೇ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಮಾತು ಹೇಗೋ ನಡೆಯುತ್ತದೆ. ಅಮ್ಮ ಅಂಕಣದ ಆ ಮಾತು ಹೇಳಿದಾಗ ನನ್ನ ಕಡೆ ತಿರುಗಿದ. “ಅಂಕಲ್, ಪಪ್ಪಾ ನಿಮಗೆ ಹೇಳಿದ್ರು ನಾ? ಪಕ್ಕಾ? ಅವರು ಹೇಳಿದ್ರೆ ನಾನು ಹಾಗೇ ಮಾಡ್ತೇನೆ,” ಎಂದ. ಕಣ್ಣು ಕೆಂಪಾಗಿತ್ತು.

ಆ ಹುಡುಗನಿಗೆ ಬೇಕಿದ್ದದ್ದು ಅಪ್ಪನ ಕೊನೆಯ ಇಚ್ಛೆ. ಮೂಲೆಯಲ್ಲಿ ಕೂತ ಊರಿನ ನೆಂಟರೊಬ್ಬರು ಆಗಲೇ ಗೊಣಗಲು ಶುರು ಮಾಡಿದ್ದರು. ಇಷ್ಟು ದೊಡ್ಡ ಹೋಟೆಲು ನಡೆಸಿದವರನ್ನು ಅನಾಥ ಹೆಣದ ಹಾಗೆ ಸುಟ್ಟರು ಅಂತ ಕುಂದಾಪುರದಲ್ಲಿ ಹೇಳಿಸಿಕೊಳ್ಳಬೇಕಾ ಎಂದು. ನನ್ನ ನೆನಪು ತಪ್ಪಾಗಿದ್ದರೆ ಸರಸ್ವತಿಯಮ್ಮ ಉಳಿದ ಜನ್ಮವಿಡೀ ಈ ಮಾತು ಕೇಳಬೇಕು. ಆಚೆ ಕಡೆ, ಆ ಮನುಷ್ಯ ನಿಜವಾಗಿ ಕೇಳಿಕೊಂಡಿದ್ದ ಒಂದೇ ಒಂದು ವಿಷಯವನ್ನೂ ನಾವು ನಡೆಸಿಕೊಡದಿದ್ದರೆ?

‘ಹೇಳಿದ್ದರು’ ಎಂದೆ. ಹೇಳಿದ ಮೇಲೆ ‘ಹಾಗೆ ನೆನಪು’ ಎಂದು ಸೇರಿಸಿದೆ. ಸೇರಿಸಿದ್ದು ಯಾರಿಗೂ ಕೇಳಿಸಲಿಲ್ಲ. ಸರಸ್ವತಿಯಮ್ಮನ ಹೊರತು.

ಅವರು ಒಂದೇ ಒಂದು ಪ್ರಶ್ನೆ ಕೇಳಿದರು. “ನಗಾಡಿಕೊಂಡು ಹೇಳಿದ್ದಾ, ಗಂಭೀರವಾಗಿ ಹೇಳಿದ್ದಾ?”

ಇಂಥ ಪ್ರಶ್ನೆಯನ್ನು ನಾನು ಎಣಿಸಿರಲಿಲ್ಲ. ತಮಾಷೆಗೆ ಹೇಳಿದ್ದು ಎಂದು ಗೊತ್ತಾದರೆ ಸೌದೆಗೆ ಹೇಳಿಬಿಡುತ್ತಾರೆ, ನನ್ನ ತಲೆಯ ಭಾರ ಇಳಿಯುತ್ತದೆ ಅಂದುಕೊಂಡೆ. ನಗಾಡಿಕೊಂಡು, ಎಂದೆ.

“ಹಾಗಾದ್ರೆ ನಿಜ,” ಎಂದರು. “ಗಂಭೀರವಾಗಿ ಹೇಳಿದ್ದೆಲ್ಲ ಗಿರಾಕಿಗಳಿಗೆ. ನಟುಭಾಯ್, ಗ್ಯಾಸ್.”

ಪುರೋಹಿತರು ತಕರಾರು ಮಾಡಲಿಲ್ಲ. (ವಾರವಿಡೀ ರೈಲ್ವೆ ಕಚೇರಿ, ಭಾನುವಾರ ಪೌರೋಹಿತ್ಯ. ಹೊಂದಿಕೊಳ್ಳುವುದು ಅವರಿಗೆ ಅಭ್ಯಾಸ.) ಅಗ್ನಿ ಅಗ್ನಿಯೇ ಎಂದರು. ರಮೇಶ ಅಪ್ಪನ ಎದೆಯ ಮೇಲೆ ಕರ್ಪೂರ ಇಟ್ಟು ಹೊತ್ತಿಸಿದ. ಕಬ್ಬಿಣದ ತಟ್ಟೆ ಒಳಗೆ ಸರಿಯಿತು. ಬಾಗಿಲು ಮುಚ್ಚಿತು.

ಅಷ್ಟೇ. ಮುಂದೇನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಸೌದೆಯಾದರೆ ಹೊರುವುದು, ಜೋಡಿಸುವುದು, ಜಾರಿದ ತುಂಡನ್ನು ಸರಿಮಾಡುವುದು ಇರುತ್ತದೆ. ದುಃಖಕ್ಕೂ ಕೈಕೆಲಸ ಬೇಕು. ಇಲ್ಲಿ ಇಪ್ಪತ್ತು ಜನ ಗಂಡಸರು ಕೈ ಬಿಟ್ಟುಕೊಂಡು ನಿಂತು ಚಿಮಣಿಯನ್ನೇ ನೋಡಿದೆವು. ಹೊಗೆ ಕಾಣಲಿಲ್ಲ. ಕಾಣದಿದ್ದರೆ ಇಲ್ಲವೆಂದೇ? ಗ್ಯಾಸೂ ಉರಿಯುತ್ತದೆ, ಅದೂ ಎಲ್ಲಿಗೋ ಹೋಗುತ್ತದೆ. ನನಗೆ ಆ ಲೆಕ್ಕ ಬರುವುದಿಲ್ಲ. ಆ ದಿನ ಕೇಳುವ ಮನಸ್ಸೂ ಇರಲಿಲ್ಲ.

ಆಮೇಲೆ ಎಣಿಸಿದ್ದೆಲ್ಲ ಆಯಿತು. ಊರಿಂದ ಫೋನುಗಳು ಬಂದವು. ಸೌದೆಗೂ ಗತಿ ಇರಲಿಲ್ಲವಾ ಎಂದು ಯಾರೋ ಕೇಳಿದರಂತೆ. ಅವರ ಇಷ್ಟ ಇತ್ತು ಎಂದಷ್ಟೇ ಹೇಳಿ ಸರಸ್ವತಿಯಮ್ಮ ಫೋನ್ ಇಟ್ಟರಂತೆ. ಕನ್ನಡ ಸಂಘದಲ್ಲಿ ನನ್ನ ಬಗ್ಗೆಯೂ ಮಾತು. ಅಂಕಣಕ್ಕೆ ವಿಷಯ ಬೇಕಿತ್ತು, ಮಾಡಿಸಿಕೊಂಡ ಎಂದು. ಬೇಸರವಾಯಿತು. ಹಾಗಂತ ಅವರ ಮಾತು ಸುಳ್ಳು ಅನ್ನುವುದು ಹೇಗೆ? ನೋಡಿ, ಬರೆಯುತ್ತಲೇ ಇದ್ದೇನಲ್ಲ.

ಒಬ್ಬ ಹೆಂಗಸು ತನ್ನ ಗಂಡನ ಕೊನೆಯ ಕಾರ್ಯವನ್ನು ನನ್ನ ನೆನಪಿನ ಮೇಲೆ ನಿಲ್ಲಿಸಿದ್ದಾರೆ. ಆ ನೆನಪು ಎಷ್ಟು ಗಟ್ಟಿ? ನಿದ್ದೆ ಬರಲಿಲ್ಲ. ಹೋದ ವಾರ ನಟುಭಾಯ್ ಅಂಗಡಿಗೆ ಹೋದೆ. ಆ ಸಂಜೆ ಜೊತೆಗಿದ್ದ ಇನ್ನೊಬ್ಬ ಸಾಕ್ಷಿ ಅವರೇ ಅಲ್ಲವೇ? ಸಭೆ ಮುಗಿಸಿ ಬರುವಾಗ ಐತಾಳರು ಗ್ಯಾಸಿನ ಬಗ್ಗೆ ಏನಾದರೂ ಹೇಳಿದರೇ ಎಂದು ಕೇಳಿದೆ.

ನಟುಭಾಯ್ ತಕ್ಕಡಿಯಲ್ಲಿ ಮೊಳೆ ತೂಗುತ್ತಿದ್ದರು. ತಲೆ ಎತ್ತದೆ ಹೇಳಿದ್ದರ ಕನ್ನಡ ಇದು: “ಮೂರ್ತಿಭಾಯ್, ನೀವಿಬ್ಬರೂ ದಾರಿಯುದ್ದಕ್ಕೂ ನಿಮ್ಮ ಮದ್ರಾಸಿಯಲ್ಲೇ ಮಾತಾಡಿದಿರಿ. ಯಾರು ಏನು ಹೇಳಿದರೋ ನನಗೇನು ಗೊತ್ತು?”

ನಾನು ಹೊರಟೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದರು. ಆ ಸಂಜೆ ಚಪ್ಪಲಿ ಅಂಗಡಿಯ ಮುಂದೆ ಐತಾಳರು ನಗುತ್ತ ನಿಂತುಬಿಟ್ಟಿದ್ದರಂತೆ, ಕೆಮ್ಮು ಬರುವವರೆಗೆ, ನಟುಭಾಯ್ ಭುಜ ಹಿಡಿದುಕೊಂಡು. ಏನು ಜೋಕು ಎಂದು ಇವರು ಕೇಳಿದ್ದಕ್ಕೆ ‘ಬಜೆಟ್’ ಎಂದರಂತೆ.

ಹೇಳಿದ್ದು ಯಾರೋ, ಈಗಲೂ ಗೊತ್ತಿಲ್ಲ. ಐತಾಳರು ನಕ್ಕದ್ದು ನಿಜ.