ಹದ್ದಿನಕಣ್ಣಮ್ಮ ಕಲಿಸಿದ ಯಂತ್ರ

ಸೂಕ್ಷ್ಮದರ್ಶಕದ ಮುಂದೆ ಇಪ್ಪತ್ತೆಂಟು ವರ್ಷ ಕೂತವಳಿಗೆ ಲ್ಯಾಬಿನವರು ಇಟ್ಟ ಹೆಸರು ಹದ್ದಿನಕಣ್ಣಮ್ಮ. ಕೆಲಸ ಹೇಳುವುದಕ್ಕೆ ಸುಲಭ. ಗಾಜಿನ ಪಟ್ಟಿಯ ಮೇಲೆ ಜೀವಕೋಶಗಳಿರುವ ಒಂದು ಹನಿ, ಅದಕ್ಕೊಂದು ಹನಿ ನೀಲಿ ಬಣ್ಣ. ಸತ್ತ ಕೋಶ ಬಣ್ಣ ಕುಡಿದು ನೀಲಿಯಾಗುತ್ತದೆ, ಬದುಕಿರುವುದು ಬೆಳ್ಳಗೆ ಉಳಿಯುತ್ತದೆ. ಎಣಿಸಿ ಬರೆಯಬೇಕು, ಅಷ್ಟೇ. ಮಾಡಿ ನೋಡಿದವರಿಗೆ ಗೊತ್ತು ಅದರ ಕಷ್ಟ. ದೊಡ್ಡ ದೊಡ್ಡ ಡಿಗ್ರಿಯವರೇ ಹತ್ತು ನಿಮಿಷಕ್ಕೆ ಕಣ್ಣುಜ್ಜಿಕೊಂಡು ಎದ್ದು ಹೋಗಿದ್ದಾರೆ. ಇವಳು ಮಾತ್ರ ಹರಟೆ ಹೊಡೆಯುತ್ತಲೇ ಎಣಿಸುತ್ತಿದ್ದಳು. ಆ ಜಂಬವೂ ಅವಳಿಗೆ ಕಡಿಮೆ ಇರಲಿಲ್ಲ ಅನ್ನಿ.

ಕಾಲ ಬದಲಾಯಿತು. ಲ್ಯಾಬು ಈಗ ಉಪಕರಣಗಳನ್ನೇ ತಯಾರಿಸಲು ಹೊರಟಿತ್ತು. "ಇನ್ಮುಂದೆ ನೋಡೋದು, ಎಣಿಸೋದು ಎಲ್ಲಾ ಯಂತ್ರದ್ದೇ. ಮನುಷ್ಯರ ಕಣ್ಣು ಬೇಕಾಗೋದು ಅದಕ್ಕೆ ಕಲಿಸೋಕೆ ಮಾತ್ರ," ಎಂದರು ಮುಖ್ಯಸ್ಥರು. ಯಂತ್ರ ಕಟ್ಟುವ ಹೊಣೆ ಇದೇ ಲ್ಯಾಬಿನಲ್ಲಿ ಪಿಎಚ್‌ಡಿ ಮುಗಿಸಿ ಇಲ್ಲೇ ಕೆಲಸಕ್ಕೆ ಸೇರಿದ್ದ ಇಂಜಿನಿಯರ್ ಹುಡುಗಿಯದು. ಕಲಿಸುವ ಹೊಣೆ ಹದ್ದಿನಕಣ್ಣಮ್ಮನದು: ನಾಲ್ಕು ಸಾವಿರ ಫೋಟೊಗಳಲ್ಲಿ ಒಂದೊಂದು ಕೋಶಕ್ಕೂ ಸತ್ತಿದೆ, ಬದುಕಿದೆ ಎಂದು ಪರದೆಯ ಮೇಲೆ ಗುರುತು ಹಾಕುವುದು. ಎರಡು ತಿಂಗಳಲ್ಲಿ ಮುಗಿಸಿಕೊಟ್ಟಳು. ಆ ಗುರುತು ನೋಡಿ ನೋಡಿ ಯಂತ್ರ ಕಲಿಯಿತು.

ತೊಂದರೆ ಎಂದರೆ, ಅವಳ ಕಣ್ಣಿಗೆ ಪೊರೆ ಬಂದಿತ್ತು. ಅದು ಅವಳಿಗೆ ಗೊತ್ತಿತ್ತು ಕೂಡ. ಮೊದಲು ಪತ್ತೆ ಹಚ್ಚಿದವನು ಬಸ್ ಓಡಿಸುವ ಗಂಡ. "ಏನೇ, ನನ್ನ ತಿಳಿನೀಲಿ ಅಂಗೀನ ಬಿಳಿ ಬಟ್ಟೆ ಜೊತೆ ಬ್ಲೀಚಿಗೆ ಹಾಕಿದ್ದೀಯಲ್ಲ! ಹೋಗಿ ಕಣ್ಣು ತೋರಿಸ್ಕೋ. ನಂಗಾದ್ರೆ ಕಣ್ಣು ಪರೀಕ್ಷೆ ಮಾಡಿಸ್ದೆ ಸ್ಟೇರಿಂಗ್ ಮುಟ್ಟೋಕೂ ಬಿಡಲ್ಲ." ಪೊರೆ ಹಳದಿಯಾಗಿದೆ, ತಿಳಿನೀಲಿ ಗೊತ್ತಾಗದಿರುವುದು ಅದರಿಂದಲೇ, ಆಪರೇಶನ್ ಮಾಡಿಸಿ ಎಂದರು ಕಣ್ಣಿನ ಡಾಕ್ಟರು. ಮಾಡಿಸಿದರೆ ಲ್ಯಾಬಿಗೆ ಗೊತ್ತಾಗುತ್ತದೆ. ಗೊತ್ತಾದರೆ ಹದ್ದಿನಕಣ್ಣು ಎಲ್ಲಿ ಉಳಿಯಿತು? ಇವತ್ತು ನಾಳೆ ಎಂದು ಮುಂದೂಡಿದಳು. ಕಡುನೀಲಿ ಹೇಗೂ ಕಾಣುತ್ತಿತ್ತಲ್ಲ, ಮಿಕ್ಕದ್ದು ಅಂದಾಜು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಅಂದರೆ ಇದೇ.

ಯಂತ್ರವನ್ನು ಬಳಸಿ ನೋಡಲೆಂದು ಬೇರೊಂದು ಲ್ಯಾಬಿಗೆ ಕೊಟ್ಟರು. ತಿಂಗಳೊಳಗೆ ದೂರು ಬಂತು: ನಿಮ್ಮ ಯಂತ್ರ ನೂರಕ್ಕೆ ತೊಂಬತ್ತು ಬದುಕಿವೆ ಎನ್ನುತ್ತದೆ, ನಾವು ಕೂತು ಎಣಿಸಿದರೆ ಅರ್ಧ ಸತ್ತಿವೆ. ಇಂಜಿನಿಯರ್ ಹುಡುಗಿ ಮೂರು ವಾರ ಒದ್ದಾಡಿದಳು. ಕ್ಯಾಮೆರಾ ಬಿಚ್ಚಿದಳು, ಲೆನ್ಸ್ ಬದಲಿಸಿದಳು. "ಇದೇನಾ ನೀನು ಕಲ್ತಿದ್ದು?" ಎಂದು ಮುಖ್ಯಸ್ಥರು ಎಲ್ಲರೆದುರೇ ಬೈದರು. ಪಕ್ಕದ ಮೇಜಿನಲ್ಲೇ ಇದ್ದ ಹದ್ದಿನಕಣ್ಣಮ್ಮ ತುಟಿ ಬಿಚ್ಚಲಿಲ್ಲ. ಆಮೇಲೆ ಬಿಚ್ಚಿದಳು, ಬಿಚ್ಚದಿದ್ದರೇ ಚೆನ್ನಾಗಿತ್ತು: "ಯಂತ್ರದೊಳಗಿನ ದೀಪದ್ದೇನೋ ತೊಂದರೆ ಇರಬೇಕಮ್ಮ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹುಡುಗಿ ಪಾಪ, ನಂಬಿ ದೀಪವನ್ನೂ ಬದಲಿಸಿದಳು. ಅವತ್ತಿನಿಂದ ಹದ್ದಿನಕಣ್ಣಮ್ಮನಿಗೆ ಊಟ ಸೇರಲಿಲ್ಲ. ಕನ್ನಡಿ ನೋಡಿ ತಲೆ ಬಾಚಿಕೊಳ್ಳಲೂ ನಾಚಿಕೆ.

ಒಂದು ಮಧ್ಯಾಹ್ನ ಹುಡುಗಿ ಊಟದ ಡಬ್ಬಿ ತೆರೆಯದೆ ಕೂತಿದ್ದಳು.

"ಯಂತ್ರ ಕೈಬಿಡ್ತಾರಂತೆ ಅಕ್ಕ. ನನ್ನನ್ನೂ ತೆಗೀಬಹುದು. ಪರೀಕ್ಷೆ ಮಾಡದೆ ಬಿಟ್ಟಿದ್ದು ಒಂದೂ ಇಲ್ಲ."

"ನಾನು ಹಾಕಿದ ಗುರುತು ನೋಡಿದ್ಯಾ?"

ಹುಡುಗಿ ಅಷ್ಟು ಬೇಸರದಲ್ಲೂ ನಕ್ಕಳು. "ಅದನ್ನೇನು ನೋಡೋದು? ನಿಮ್ಮ ಕಣ್ಣನ್ನ ಅನುಮಾನಿಸೋಕಾಗುತ್ತಾ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಭೂಮಿಗೆ ಬೇರೆ ಕೆಲಸವಿತ್ತು. "ಒಂದು ಫೋಟೊ ಹಾಕು," ಎಂದಳು. "ನಾನು ಹೇಳ್ತೀನಿ, ನೀನು ನೋಡು."

ಹುಡುಗಿ ಹಾಕಿದಳು. "ಇದು ಬದುಕಿದೆ. ಇದೂ ಬದುಕಿದೆ. ಇದೂ."

"ಅಕ್ಕ, ಇದು ನೀಲಿ."

"ನಿಂಗೆ ನೀಲಿ ಕಣೇ. ನಂಗೆ ಬಿಳಿ. ಕಣ್ಣಿಗೆ ಪೊರೆ ಬಂದಿದೆ."

ಯಂತ್ರದ ತಪ್ಪು ಏನೂ ಇರಲಿಲ್ಲ. ನೂಲಿನಂತೆ ಸೀರೆ, ಕಲಿಸಿದ್ದನ್ನೇ ಕಲಿತಿತ್ತು. ಹುಡುಗಿ ರೇಗುತ್ತಾಳೆ ಅಂದುಕೊಂಡರೆ, ಉಸಿರು ಬಿಟ್ಟು ಹಗುರಾದಳು. "ಸದ್ಯ, ಗೊತ್ತಾಯ್ತಲ್ಲ! ಬೇರೆ ಮೂವರ ಹತ್ರ ಗುರುತು ಹಾಕಿಸಿ ಮತ್ತೆ ಕಲಿಸಿದ್ರಾಯ್ತು. ಈಗೀಗ ಒಬ್ಬರ ಕಣ್ಣನ್ನೇ ಯಾರೂ ನಂಬಲ್ಲ, ನಾವೂ ಹಾಗೇ ಮಾಡ್ಬೇಕಿತ್ತು. ಪೊರೆ ಈ ವರ್ಷ ತಾನೇ ಬಂದಿದ್ದು?"

ತಪ್ಪಿಸಿಕೊಳ್ಳುವ ದಾರಿಯನ್ನು ಹುಡುಗಿಯೇ ತೋರಿಸಿಕೊಟ್ಟಿದ್ದಳು. ಹೂಂ ಅಂದರೆ ಮುಗಿಯುತ್ತಿತ್ತು. ಹೂಂ ಅನ್ನಲು ಬಾಯಿಯೂ ತೆರೆದಿತ್ತು.

"ಅಲ್ಲ," ಎಂದಳು. "ನಾಲ್ಕು ವರ್ಷ ಆಯ್ತು."

ಹುಡುಗಿ ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ಕಂಡಿತು. "ನನ್ನ ಪಿಎಚ್‌ಡಿ ಮುಗಿದು ಎರಡು ವರ್ಷ," ಎಂದಳು ಮೆಲ್ಲಗೆ. "ಅದರ ಎಣಿಕೆ ಎಲ್ಲಾ ನೀವೇ ಮಾಡಿಕೊಟ್ಟಿದ್ದು, ಅಕ್ಕ."

ಹೌದು ಅನ್ನುವುದಕ್ಕೆ ಹದ್ದಿನಕಣ್ಣಮ್ಮನಿಗೆ ಹೇಗೋ ಧ್ವನಿ ಬಂತು. ತಲೆ ಎತ್ತುವುದಕ್ಕೆ ಮಾತ್ರ ಆಗಲಿಲ್ಲ.